ಕೋಲಾರದ ಸೌಂಡ್ಸ್ ಸೇವೆ: ಅರಳಿಕಟ್ಟೆಯ ಮೇಲೆ ಒಂಟಿ ದನಿಯ ಐರಿಷ್ ಹಾಡಿಗೆ ಎಷ್ಟು ಒಗ್ಗುತ್ತದೆ?

ಮೆರವಣಿಗೆ, ಆರ್ಕೆಸ್ಟ್ರಾ, ನಾಟಕಕ್ಕಾದರೆ ಈ ಸೌಂಡ್ಸ್‌ನವರನ್ನು ಕಣ್ಣು ಮುಚ್ಚಿಕೊಂಡು ಕರೆಯಬಹುದು. ಪಕ್ಕವಾದ್ಯವಿಲ್ಲದೆ ಒಬ್ಬರೇ ನಿಂತು ನಿಧಾನವಾಗಿ ಹಾಡುವ ಹಾಡಿಗೆ ಕರೆಯುವುದಾದರೆ ಮಾತ್ರ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಏನು ತರಬೇಕು ಅನ್ನುವುದಕ್ಕಿಂತ ಮುಖ್ಯವಾಗಿ, ತಂದದ್ದರಲ್ಲಿ ಯಾವುದನ್ನು ಹಚ್ಚಬಾರದು ಅನ್ನುವುದನ್ನು. ಅಷ್ಟು ಮಾತು ಆಗಿದ್ದರೆ ಕೆಲಸ ಚೆನ್ನಾಗಿಯೇ ಆಗುತ್ತದೆ. ಸಾಮಾನು ಒಳ್ಳೆಯದಿದೆ, ಹುಡುಗರು ಹೇಳಿದ್ದನ್ನು ಕೇಳುತ್ತಾರೆ, ಹೇಳಿದ ಹೊತ್ತಿಗೆ ಗಾಡಿ ಬರುತ್ತದೆ.

ಅಂಗಡಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಾಡಿಗೆಗೆ ಸಿಗುವ ಸೆಟ್ಟುಗಳೆಲ್ಲ ಹೆಚ್ಚುಕಡಿಮೆ ಇದೇ ಥರದವು, ಆಪರೇಟರ್‌ಗಳ ಕೈ ಪಳಗಿರುವುದೂ ಇದೇ ಥರದ ಕಾರ್ಯಕ್ರಮಗಳಲ್ಲಿ. ಹಾಗಾಗಿ ಈ ವಿಮರ್ಶೆ ಒಬ್ಬರಿಗಷ್ಟೇ ಸಲ್ಲುವುದಿಲ್ಲ. ಸಂದರ್ಭ ಇಷ್ಟು: ಕೋಲಾರ ತಾಲ್ಲೂಕಿನ ಹಳ್ಳಿಯೊಂದರ ಅರಳಿಕಟ್ಟೆ ಮುಂದಿನ ಬಯಲು, ನೆಲದ ಮೇಲೆ ಜಮಖಾನ, ಸುಮಾರು ಇನ್ನೂರೈವತ್ತು ಜನ. ತಮಟೆ, ಸೋಬಾನೆ ಪದ, ಕೈವಾರ ತಾತಯ್ಯನವರ ತತ್ವಪದ, ಅವುಗಳ ನಡುವೆ ಒಂದು ಐರಿಷ್ ಹಾಡು. ಕೋಲಾರದವರಿಗೆ ಬಯಲಲ್ಲಿ ಕೂತು ಹಾಡು ಕೇಳುವುದು ಹೊಸದಲ್ಲ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ನಡೆಸಿಕೊಂಡು ಬಂದ ಜಿಲ್ಲೆ ಇದು. ಐರ್ಲೆಂಡ್ ಕೂಡ ತೀರಾ ದೂರದ ಹೆಸರಲ್ಲ. 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಹೊರಟು ಕೋಲಾರದ ನೆಲದಲ್ಲಿ ಚಿನ್ನ ಹುಡುಕಿದ ಮೈಕಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ ನಿವೃತ್ತ ಐರಿಷ್ ಸೈನಿಕ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಇರುವುದು ಅವನದೇ ಹೆಸರು.

ಸೇವೆ ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ ಅನ್ನುವುದು ತಿಳಿಯಬೇಕಾದರೆ ಮೊದಲು ಹಾಡು ಏನು ಕೇಳುತ್ತದೆ ಅನ್ನುವುದು ಗೊತ್ತಿರಬೇಕು. ಹಾಡಿದ್ದು ‘ಶಿ ಮೂವ್ಡ್ ಥ್ರೂ ದ ಫೇರ್’. ಮಟ್ಟು ಐರ್ಲೆಂಡಿನ ವಾಯವ್ಯದ ಡೊನೆಗಾಲ್ ಕಡೆಯ ಜನಪದದ್ದು. ಹರ್ಬರ್ಟ್ ಹ್ಯೂಸ್ ಅದನ್ನು 1909ರಲ್ಲಿ ಪ್ರಕಟಿಸಿದರು, ಸಾಹಿತ್ಯ ಹೊಂದಿಸಿದವರು ಕವಿ ಪಾಡ್ರಿಕ್ ಕೊಲಮ್. ಮದುವೆಯ ಮಾತು ಕೊಟ್ಟ ಹುಡುಗಿ ಸಂತೆಯ ನಡುವೆ ಅತ್ತಿತ್ತ ಓಡಾಡಿ ಮನೆಗೆ ಹೊರಟುಹೋಗುತ್ತಾಳೆ. ಕೊನೆಯ ಚರಣದಲ್ಲಿ ಅವಳು ರಾತ್ರಿ ಮತ್ತೆ ಬರುತ್ತಾಳೆ, ಹೆಜ್ಜೆಯ ಸಪ್ಪಳವಿಲ್ಲದೆ. ಬಂದದ್ದು ಬದುಕಿರುವ ಹುಡುಗಿಯೋ ಅಲ್ಲವೋ ಅನ್ನುವುದನ್ನು ಹಾಡು ಬಿಡಿಸಿ ಹೇಳುವುದಿಲ್ಲ. ತಾಳಕ್ಕೆ ಕಟ್ಟಿಹಾಕದೆ, ಒಂದೊಂದು ಸಾಲಿನ ಕೊನೆಗೆ ಉಸಿರು ಬಿಟ್ಟು ಹಾಡುವುದು ರೂಢಿ. ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಇಟ್ಟರೆ ಹರಿಕಾಂಬೋಜಿ ರಾಗ, ಅಂದರೆ ಕರ್ನಾಟಕ ಸಂಗೀತದ 28ನೇ ಮೇಳ: ಮೇಲಿನ ನಿಷಾದ ಕೈಶಿಕಿ, ಗಾಂಧಾರ ಅಂತರ. ಹಾಗಾಗಿ ನಮ್ಮ ಕಿವಿಗೆ ಅದು ಪರಕೀಯವಾಗಿ ಕೇಳುವುದೇ ಇಲ್ಲ. ತತ್ವಪದ ಕೇಳಿ ಬೆಳೆದ ಹಿರಿಯರು ಎರಡನೇ ಚರಣಕ್ಕೇ ತಲೆಯಾಡಿಸತೊಡಗುತ್ತಾರೆ.

ಸೌಂಡಿನವರ ಕಡೆಯಿಂದ ನೋಡಿದರೆ ಇದರಷ್ಟು ಕಷ್ಟದ ಹಾಡು ಇನ್ನೊಂದಿಲ್ಲ. ತಪ್ಪನ್ನು ಮುಚ್ಚಲು ಡ್ರಮ್ಮಿಲ್ಲ, ಕೀಬೋರ್ಡಿಲ್ಲ. ಸಾಲಿನಿಂದ ಸಾಲಿಗೆ ನಡುವಿನ ಖಾಲಿ ಜಾಗದಲ್ಲಿ ಜನರೇಟರ್ ಗುರುಗುಟ್ಟುವುದು, ವೈರಿನ ಹಮ್ಮು (ಗುಂಯ್ ಅನ್ನುವ ಸದ್ದು), ಗಾಳಿ ಬಡಿಯುವುದು ಎಲ್ಲವೂ ಕೇಳಿಸುತ್ತವೆ. ಕೊನೆಯ ಚರಣವಂತೂ ಎಲ್ಲಕ್ಕಿಂತ ಮೆಲ್ಲಗಿರಬೇಕು.

ಗಾಡಿಯಲ್ಲಿ ಬಂದ ಸಾಮಾನು: ಎರಡು ಹದಿನೈದು ಇಂಚಿನ ಸ್ಪೀಕರಿನ ಟಾಪ್ (ಜನರ ಕಡೆಗೆ ಮುಖ ಮಾಡುವ ಮುಖ್ಯ ಪೆಟ್ಟಿಗೆ) ಒಂದು ಜೊತೆ, ಹದಿನೆಂಟು ಇಂಚಿನ ಬೇಸ್ ಪೆಟ್ಟಿಗೆ ನಾಲ್ಕು, ಆಂಪ್ಲಿಫೈಯರ್ ರ‍್ಯಾಕ್, ಹದಿನಾರು ಚಾನೆಲ್ ಮಿಕ್ಸರ್, ವೈರ್ ಮೈಕು ನಾಲ್ಕು, ಕಾರ್ಡ್‌ಲೆಸ್ ಎರಡು, ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಒಂದು, ಜೊತೆಗೆ ಕಂಬಕ್ಕೆ ಕಟ್ಟಲು ಎರಡು ಹಾರ್ನ್. ಬಯಲಿನ ಅಳತೆ ಸುಮಾರು ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಒಂಟಿ ದನಿಗೆ ಇಷ್ಟು ಜಾಗದಲ್ಲಿ ಸ್ಟ್ಯಾಂಡಿನ ಮೇಲೆ ಕೂತ ಹನ್ನೆರಡು ಇಂಚಿನ ಟಾಪ್ ಒಂದು ಜೊತೆ ಧಾರಾಳವಾಗಿ ಸಾಕು. ಹೆಚ್ಚು ಸಾಮಾನು ತಂದದ್ದು ತಪ್ಪಲ್ಲ. ಗಾಡಿ ಹೇಗೂ ಬರುತ್ತದೆ, ತಮಟೆ ತಂಡದ ಜೊತೆ ನಾಳೆ ಇನ್ನೊಂದು ಊರಿಗೆ ಅದೇ ಸೆಟ್ಟು ಹೋಗಬೇಕು. ತೊಂದರೆ ಬರುವುದು, ತಂದದ್ದನ್ನೆಲ್ಲ ಹಚ್ಚಿಯೇ ತೀರಬೇಕು ಎಂದಾಗ.

ಬೇಸ್ ಪೆಟ್ಟಿಗೆಯ ವಿಷಯ ನೋಡಿ. ಹೆಂಗಸಿನ ದನಿಯಲ್ಲಿ 150 ಹರ್ಟ್ಸ್‌ಗಿಂತ ಕೆಳಗೆ ಹಾಡಿಗೆ ಬೇಕಾದದ್ದು ಏನೂ ಇಲ್ಲ. ಅಲ್ಲಿರುವುದು ಗಾಳಿ ಬಡಿಯುವ ಗುಡುಗುಡು, ಮೈಕ್ ಸ್ಟ್ಯಾಂಡಿಗೆ ಕಾಲು ತಗುಲಿದ ಸದ್ದು, ಕಟ್ಟೆಯ ಮೇಲೆ ಯಾರೋ ನಡೆದಾಡಿದ್ದು. ಬೇಸ್ ಹಚ್ಚಿಟ್ಟರೆ ಇವೇ ದೊಡ್ಡದಾಗುತ್ತವೆ. ಈ ಆಪರೇಟರ್ ಸಂಜೆ ಪರೀಕ್ಷೆಯ ಹೊತ್ತಿಗೆ ಬೇಸ್ ತೆಗೆಯಲು ಹಿಂದೆಮುಂದೆ ನೋಡಿದರು. ‘ಬೇಸ್ ಇಲ್ದೆ ಸೌಂಡು ಸಪ್ಪೆ ಆಗುತ್ತೆ ಸಾರ್’ ಎಂಬ ವಾದ. ತಮಟೆಗೆ ಆ ಮಾತು ಸರಿ. ಒಂಟಿ ದನಿಗೆ ಸರಿಯಲ್ಲ. ಮಿಕ್ಸರಿನಲ್ಲಿ ಆ ಮೈಕಿನ ಚಾನೆಲ್ಲಿಗೆ ಲೋ ಕಟ್ ಗುಂಡಿ ಒತ್ತಿ (ಕೆಳಗಿನ ಸದ್ದನ್ನು ಕತ್ತರಿಸುವ ಗುಂಡಿ, ಸಾಮಾನ್ಯವಾಗಿ 80ಕ್ಕೋ 100 ಹರ್ಟ್ಸ್‌ಗೋ ಕೆಲಸ ಮಾಡುತ್ತದೆ), ಆ ಹಾಡಿನ ಹೊತ್ತಿಗೆ ಬೇಸ್ ಆಂಪ್ಲಿಫೈಯರಿನ ದನಿ ಸೊನ್ನೆಗೆ ಇಳಿಸಿದ ಮೇಲೆ ಸಪ್ಪೆ ಆಗಲಿಲ್ಲ. ಪದಗಳು ಬಿಡಿಬಿಡಿಯಾಗಿ ಕೇಳಿಸಿದವು. ಇಲ್ಲಿ ಆಪರೇಟರ್ ಒಪ್ಪಿಕೊಂಡದ್ದು ಅವರ ದೊಡ್ಡ ಗುಣ.

ಹಾರ್ನಿನ ವಿಷಯದಲ್ಲಿ ಅಷ್ಟು ಸುಲಭವಾಗಲಿಲ್ಲ. ಊರಿನವರಿಗೇ ಹಾರ್ನ್ ಬೇಕಿತ್ತು, ಮನೆಯಲ್ಲಿ ಕೂತವರಿಗೂ ಕೇಳಲಿ ಎಂದು. ಅದು ನ್ಯಾಯವಾದ ಆಸೆ. ಆದರೆ ಕಟ್ಟೆಯಿಂದ ನಲವತ್ತು ಮೀಟರ್ ಆಚೆಯ ಕಂಬದಲ್ಲಿ ಹಾರ್ನ್ ಇದ್ದರೆ, ವೈರಿನಲ್ಲಿ ಬಂದ ದನಿ ಅಲ್ಲಿ ಆ ಕ್ಷಣಕ್ಕೇ ಹೊರಡುತ್ತದೆ. ಟಾಪಿನಿಂದ ಗಾಳಿಯಲ್ಲಿ ಬರುವ ದನಿ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಬರಬೇಕಾದ್ದರಿಂದ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗಿ ಮುಟ್ಟುತ್ತದೆ. ಅದರ ಅರ್ಧದಷ್ಟು ಅಂತರವಿದ್ದರೂ ಕಿವಿಗೆ ಎರಡು ದನಿಯಾಗಿ ಕೇಳುತ್ತದೆ. ಹಿಂದಿನ ಸಾಲಿನವರಿಗೆ ಪ್ರತಿ ಪದವೂ ಎರಡೆರಡು ಸಲ. ವೇಗದ ಹಾಡಿನಲ್ಲಿ ಇದು ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ನಿಧಾನದ ಹಾಡಿನಲ್ಲಿ ಬಯಲಾಗುತ್ತದೆ. ದಾರಿ ಎರಡಿವೆ. ಒಂದು, ಹಾರ್ನನ್ನು ಆ ಹಾಡಿಗೆ ನಿಲ್ಲಿಸುವುದು. ಎರಡು, ಡಿಲೇ ಕೊಡುವ ಪ್ರೊಸೆಸರ್ ಇದ್ದರೆ ಹಾರ್ನಿನ ದನಿಯನ್ನು ಅಷ್ಟು ತಡವಾಗಿ ಬಿಡುವುದು: ಪ್ರತಿ ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡ್ ಲೆಕ್ಕ, ಮೇಲೆ ಹತ್ತು ಸೇರಿಸಿದರೆ ದನಿ ಕಟ್ಟೆಯ ಕಡೆಯಿಂದಲೇ ಬಂದಂತೆ ತೋರುತ್ತದೆ. ಇವರಲ್ಲಿ ಪ್ರೊಸೆಸರ್ ಇತ್ತು, ಆದರೆ ಹಾರ್ನ್ ಅದರ ಮೂಲಕ ಹೋಗುತ್ತಿರಲಿಲ್ಲ. ಕೊನೆಗೆ ನಿಲ್ಲಿಸಿದರು.

ಇನ್ನು ಎಕೋ. ನಮ್ಮ ಕಡೆಯ ಬಯಲು ಹಾಡಿಕೆಯನ್ನು ಹಾಳು ಮಾಡುವ ವಸ್ತು ಯಾವುದು ಎಂದು ಕೇಳಿದರೆ ಯೋಚನೆ ಮಾಡದೆ ಹೇಳಬಹುದು: ಮಿಕ್ಸರಿನ ಎಕೋ ನಾಬ್. ಆಪರೇಟರ್‌ಗಳಿಗೆ ಇದರ ಮೇಲೆ ಅಷ್ಟು ಪ್ರೀತಿ ಯಾಕೆ ಅನ್ನುವುದಕ್ಕೂ ಕಾರಣವಿದೆ. ಕಲ್ಯಾಣ ಮಂಟಪದಲ್ಲಿ, ದೇವಸ್ಥಾನದ ಕಲ್ಲಿನ ಪಡಸಾಲೆಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬಂದು ಹಾಡುವವರಿಗೆ ಆಸರೆಯಾಗುತ್ತದೆ. ಬಯಲಲ್ಲಿ ಹೋದ ದನಿ ಹೋದಂತೆಯೇ. ಹಾಡುವವರಿಗೆ ತಮ್ಮ ದನಿ ಒಣಗಿದಂತೆ ಕೇಳುತ್ತದೆ, ‘ಅಣ್ಣಾ, ಸ್ವಲ್ಪ ಎಕೋ ಕೊಡಿ’ ಅನ್ನುತ್ತಾರೆ. ಕೇಳಿದ್ದು ಸ್ವಲ್ಪ, ಕೊಟ್ಟದ್ದು ಕೈತುಂಬ.

ಮೊದಲ ಚರಣದಲ್ಲಿ ಆದದ್ದು ಇದೇ. ಸಾಲು ಮುಗಿದು ಹಾಡುಗಾರ್ತಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಆ ಸಾಲಿನ ಕೊನೆಯ ಪದ ಮೂರು ಸಲ, ನಾಲ್ಕು ಸಲ ತಾನೇ ಹೇಳಿಕೊಂಡು ಹೋಯಿತು. ಮುಂದಿನ ಸಾಲಿನ ಮೊದಲ ಸ್ವರ ಷಡ್ಜದಲ್ಲಿದ್ದರೆ, ಹಿಂದಿನ ಸಾಲಿನ ನಿಷಾದ ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು. ಎರಡೂ ಸೇರಿ ಅಪಸ್ವರ. ಹಾಡುವವರ ಶ್ರುತಿ ಸರಿಯಿದ್ದೂ ಶ್ರುತಿ ತಪ್ಪಿದಂತೆ ಕೇಳಿತು. ಹಾಡುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಸರಿಪಡಿಸುವುದು ಕಷ್ಟವಲ್ಲ, ಎಕೋ ಪೂರ್ತಿ ಕಳಚಬೇಕಾಗಿಯೂ ಇಲ್ಲ. ಮಿಕ್ಸರಿನ ಎಫೆಕ್ಟ್ ಪಟ್ಟಿಯಲ್ಲಿ ಎಕೋ, ಡಿಲೇ ಎಂದು ಬರೆದವನ್ನು ಬಿಟ್ಟು ಹಾಲ್ ಅಥವಾ ಪ್ಲೇಟ್ ಎಂಬುದನ್ನು ಆರಿಸಬೇಕು. ಅವು ಪದವನ್ನು ಮತ್ತೆಮತ್ತೆ ಹೇಳುವುದಿಲ್ಲ, ದನಿಯ ಬಾಲವನ್ನು ಮೃದುವಾಗಿ ಎಳೆಯುತ್ತವೆ. ಬಾಲದ ಉದ್ದ ಒಂದೂವರೆ ಸೆಕೆಂಡಿಗಿಂತ ಹೆಚ್ಚಬಾರದು. ಎಫೆಕ್ಟ್ ನಾಬನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸುತ್ತ ಬಂದು, ‘ಹಾಂ, ಎಫೆಕ್ಟ್ ಬಂತು’ ಎಂದು ಕೇಳಿಸಿದ ಕೂಡಲೇ ಅಲ್ಲಿಂದ ಒಂದು ಗೆರೆ ಹಿಂದಕ್ಕೆ ತರಬೇಕು. ನಿರೂಪಕರು ಮಾತಾಡುವಾಗ ಪೂರ್ತಿ ಬಂದ್. ಎರಡನೇ ಚರಣಕ್ಕೆ ಆಪರೇಟರ್ ಇದನ್ನು ಮಾಡಿದರು. ಅವರ ಎಡಗೈ ಹೆಬ್ಬೆರಳು ಆ ನಾಬಿನ ಮೇಲೆ ಕೊನೆಯವರೆಗೂ ಕೂತಿತ್ತು. ಮೂರನೇ ಚರಣದಲ್ಲಿ ಅಭ್ಯಾಸಬಲದಿಂದ ಒಂದು ಸಲ ಮೇಲಕ್ಕೆ ಹೊರಳಿ, ತಾನೇ ವಾಪಸ್ ಬಂತು. ಕಿವಿ ಇರುವ ಆಪರೇಟರ್ ಅನ್ನುವುದಕ್ಕೆ ಅಷ್ಟು ಸಾಕು.

ಹಾಡುಗಾರ್ತಿಗೆ ಕೊಡಬೇಕಾದದ್ದು ಎಕೋ ಅಲ್ಲ, ಮಾನಿಟರ್. ತನ್ನ ದನಿ ತನಗೆ ಚೆನ್ನಾಗಿ ಕೇಳಿಸಿದರೆ ಎಕೋ ಕೇಳುವ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಕಡೆ ಸಿಗುವ ಕೈ ಮೈಕುಗಳು ಬಹುಪಾಲು ಕಾರ್ಡಿಯಾಯ್ಡ್ ಜಾತಿಯವು, ಮುಂದಿನಿಂದ ಬಂದದ್ದನ್ನು ಹಿಡಿಯುತ್ತವೆ, ನೇರ ಬೆನ್ನಿಗೆ ಬಂದದ್ದಕ್ಕೆ ಕಿವುಡು. ಹಾಗಾಗಿ ಮಾನಿಟರ್ ಹಾಡುವವರ ಎದುರಿಗೆ, ಮೈಕಿನ ಬಾಲಕ್ಕೆ ಸರಿಯಾಗಿ, ಮುಖ ಮೇಲಕ್ಕೆ ಮಾಡಿ ಕೂರಬೇಕು. ಇವರು ಪಕ್ಕದಲ್ಲಿ ಇಟ್ಟಿದ್ದರು, ದನಿ ಏರಿಸಿದೊಡನೆ ಮೈಕು ಕುಯ್ಯೆಂದಿತು. ಜಾಗ ಬದಲಿಸಿದ ಮೇಲೆ ಅದೇ ಮಾನಿಟರ್ ಒಂದೂವರೆ ಪಟ್ಟು ಜೋರಾದರೂ ಕೂಗಲಿಲ್ಲ. ಕೂಗುವುದಕ್ಕೆ ಇನ್ನೊಂದು ಕಾರಣ ಹಾಡುವವರ ಕೈ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಮೈಕು ಎಲ್ಲ ದಿಕ್ಕಿನಿಂದಲೂ ಎಳೆಯತೊಡಗುತ್ತದೆ. ಸ್ಟ್ಯಾಂಡಿನಲ್ಲಿ ಮೈಕು ಇಟ್ಟು ಕೈ ಬಿಡುವುದೇ ಈ ಹಾಡಿಗೆ ಚೆಂದ. ಟಾಪ್‌ಗಳು ಯಾವತ್ತೂ ಮೈಕಿಗಿಂತ ಒಂದೆರಡು ಮೀಟರ್ ಮುಂದೆ, ಜನರ ತಲೆಯ ಮೇಲಿಂದ ಹಾಯುವಷ್ಟು ಎತ್ತರಕ್ಕೆ, ಸುಮಾರು ಏಳೆಂಟು ಅಡಿಗೆ ಇರಬೇಕು. ಕಟ್ಟೆಯ ಮೇಲೆ ಹಾಡುವವರ ಬೆನ್ನಿಗೆ ಇಟ್ಟರೆ ಯಾವ ಆಪರೇಟರೂ ಉಳಿಸಲಾರ.

ಮೈಕಿಗೂ ಬಾಯಿಗೂ ನಾಲ್ಕು ಬೆರಳ ಅಂತರ ಇರಲಿ. ಜೋರಾಗಿ ಏರುವ ಸಾಲಿಗೆ ಒಂದು ಗೇಣು ಹಿಂದಕ್ಕೆ. ಅಷ್ಟಕ್ಕೇ ಸುಮಾರು 10 ಡೆಸಿಬೆಲ್ ಇಳಿಯುತ್ತದೆ, ಆಪರೇಟರ್ ಫೇಡರ್ (ಮಿಕ್ಸರಿನಲ್ಲಿ ದನಿ ಏರಿಳಿಸುವ ಜಾರುಗುಂಡಿ) ಮುಟ್ಟಬೇಕಾಗಿಲ್ಲ. ತೀರಾ ತುಟಿಗೆ ತಾಗಿಸಿದರೆ ದನಿ ದಪ್ಪಗಾಗಿ ಮಬ್ಬಾಗುತ್ತದೆ, ಅದು ಆ ಜಾತಿಯ ಮೈಕಿನ ಸ್ವಭಾವ. ಇನ್ನು ಈ ಹಾಡಿಗೆ ಕಾರ್ಡ್‌ಲೆಸ್ ಮೈಕು ಬೇಡವೇ ಬೇಡ. ಇವರ ಎರಡು ಕಾರ್ಡ್‌ಲೆಸ್‌ಗಳಲ್ಲಿ ಒಂದು ನಿರೂಪಕರ ಕೈಯಲ್ಲೇ ಎರಡು ಸಲ ಕಡಿದುಹೋಯಿತು, ರಿಸೀವರನ್ನು ಕಬ್ಬಿಣದ ರ‍್ಯಾಕಿನ ಹಿಂದೆ ಇಟ್ಟಿದ್ದರಿಂದ. ಮಾತಿನ ನಡುವೆ ಕಡಿದರೆ ಇನ್ನೊಮ್ಮೆ ಹೇಳಬಹುದು. ಹಾಡಿನ ನಡುವೆ ಕಡಿದರೆ ಹಾಡು ಹೋಯಿತು.

ಶ್ರುತಿಗೆ ಏನು ಇಡುವುದು ಅನ್ನುವುದನ್ನು ಸೌಂಡಿನವರ ಜೊತೆ ಮೊದಲೇ ಮಾತಾಡಿರಬೇಕು. ಐರಿಷ್ ಹಾಡುಗಳಲ್ಲಿ ಇಲಿಯನ್ ಪೈಪ್ಸ್ ಎಂಬ ತಿದಿಯ ವಾದ್ಯದ ನಿಲ್ಲದ ಆಧಾರ ಸ್ವರ ಕೇಳಿರುವವರಿಗೆ ನಮ್ಮ ಶ್ರುತಿಪೆಟ್ಟಿಗೆ ಸಹಜವಾಗಿಯೇ ಹೊಂದುತ್ತದೆ ಎಂದು ಗೊತ್ತು. ಅಲ್ಲಿಯ ಜನಪದ ಗಾಯಕರಲ್ಲೂ ಈಗ ಭಾರತದ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡುವವರಿದ್ದಾರೆ. ಷಡ್ಜ, ಪಂಚಮ ಎರಡೇ ಸಾಕು, ಮಧ್ಯಮ ಬೇಡ. ತಿದಿ ಒತ್ತುವ ಪೆಟ್ಟಿಗೆಯಾದರೆ ಒಂದು ಅಡಿ ದೂರಕ್ಕೆ ಒಂದು ಮೈಕು. ಎಲೆಕ್ಟ್ರಾನಿಕ್ ಆದರೆ ಅದರ ಹಿಂದಿನ ಔಟ್‌ಪುಟ್‌ನಿಂದ ಡಿಐ ಬಾಕ್ಸ್ (ಉದ್ದ ವೈರಿನಲ್ಲಿ ಹಮ್ಮು ಸೇರದಂತೆ ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ಮೂಲಕ ಮಿಕ್ಸರಿಗೆ. ಡಿಐ ಬಾಕ್ಸ್ ಇಲ್ಲದೆ ಹದಿನೈದು ಮೀಟರ್ ಸಾದಾ ವೈರ್ ಎಳೆದರೆ ಹಮ್ಮು ಗ್ಯಾರಂಟಿ. ಇವರ ಬಳಿ ಡಿಐ ಬಾಕ್ಸ್ ಇರಲಿಲ್ಲ. ಇಷ್ಟು ದೊಡ್ಡ ಸೆಟ್ಟು ಇಟ್ಟವರ ಬಳಿ ಅಂಗೈಯಗಲದ ಆ ಪೆಟ್ಟಿಗೆ ಇಲ್ಲದ್ದು ಈ ಸೇವೆಯ ನಿಜವಾದ ಕೊರತೆ. ಕೊನೆಗೆ ಶ್ರುತಿಪೆಟ್ಟಿಗೆಯ ಸ್ವಂತ ಸ್ಪೀಕರಿಗೇ ಮೈಕು ಹಿಡಿದರು, ಕೆಲಸ ನಡೆಯಿತು. ಮೊಬೈಲ್ ಆ್ಯಪ್ ಬಳಸುವವರು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಲಿ, ಇಲ್ಲದಿದ್ದರೆ ಯಾರದೋ ಕರೆ ಇಡೀ ಊರಿಗೆ ಕೇಳುತ್ತದೆ. ಶ್ರುತಿಯ ಮಟ್ಟ, ಹಾಡು ನಿಂತ ಜಾಗದಲ್ಲಿ ಮಾತ್ರ ‘ಇದೆ’ ಎಂದು ಗೊತ್ತಾಗುವಷ್ಟು.

ಹಾಡಿನ ಮೊದಲಿಗೆ ಟಿನ್ ವಿಸಲ್ ಮೇಲೆ ಆ ಮಟ್ಟನ್ನು ಒಮ್ಮೆ ನುಡಿಸಿದರು. ಆರು ತೂತಿನ ಲೋಹದ ಕೊಳಲು, ನೇರ ಹಿಡಿದು ಊದುವಂಥದ್ದು. ಸಾಮಾನ್ಯವಾಗಿ ಸಿಗುವ ‘ಡಿ’ ಕೊಳಲಿನ ಆಧಾರ ಸ್ವರ ನಮ್ಮ ಎರಡು ಮನೆ ಶ್ರುತಿ. ಎಲ್ಲ ತೂತು ಮುಚ್ಚಿದರೆ ಷಡ್ಜ, ಆದರೆ ಒಂದೊಂದೇ ಬೆರಳು ಎತ್ತುತ್ತ ಹೋದರೆ ಕೊನೆಗೆ ಸಿಗುವುದು ಕಾಕಲಿ ನಿಷಾದ. ಈ ಹಾಡಿಗೆ ಬೇಕಾದ ಕೈಶಿಕಿ ನಿಷಾದಕ್ಕೆ ಮೊದಲ ತೂತು ಬಿಟ್ಟು ಎರಡನೇ, ಮೂರನೇ ತೂತು ಮುಚ್ಚಬೇಕು. ಕಲಿಯುವವರು ಎಡವುವುದು ಅಲ್ಲೇ. ಸೌಂಡಿನವರು ಎಡವಿದ್ದು ಬೇರೆ ಕಡೆ: ಮೈಕನ್ನು ಕೊಳಲಿನ ತುದಿಗೆ ಹಿಡಿದರು. ಈ ಕೊಳಲಿನ ದನಿ ಹೆಚ್ಚಾಗಿ ಹೊರಡುವುದು ಬಾಯಿಯ ಕೆಳಗಿನ ಸೀಳುಕಿಂಡಿಯಿಂದ, ಮೈಕು ಅದರ ಕಡೆಗೆ, ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ಬಡಿಯದಂತೆ ಓರೆಯಾಗಿ ಇರಬೇಕು. ಅದೇ ಕಿಂಡಿಗೆ ಎದುರುಗಾಳಿ ಬಡಿದರೆ ಸ್ವರವೇ ಸತ್ತುಹೋಗುತ್ತದೆ. ಗಾಳಿಗೆ ಬೆನ್ನು ಮಾಡಿ ನಿಲ್ಲುವುದೊಂದೇ ಉಪಾಯ. ಚಳಿಗಾಲದ ಸಂಜೆ ಲೋಹ ತಣ್ಣಗಾಗಿ ಶ್ರುತಿ ಇಳಿದಿರುತ್ತದೆ, ಶ್ರುತಿಪೆಟ್ಟಿಗೆ ಇಳಿದಿರುವುದಿಲ್ಲ. ವೇದಿಕೆ ಹತ್ತುವ ಐದು ನಿಮಿಷ ಮುಂಚೆ ಕೊಳಲನ್ನು ತೋಳಿನ ಕೆಳಗೆ ಇಟ್ಟು ಬೆಚ್ಚಗೆ ಮಾಡಿಕೊಳ್ಳಬೇಕು.

ತಮಟೆಯ ಸ್ವಭಾವ ಇದಕ್ಕೆ ಉಲ್ಟಾ, ಅದನ್ನು ಬೆಂಕಿಗೆ ಕಾಯಿಸಿದಷ್ಟೂ ಚರ್ಮ ಬಿಗಿದು ಗಂಟಲು ತೆರೆಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಭಾಗದ ಪ್ರತಿ ವೇದಿಕೆಯಲ್ಲೂ ತಮಟೆಗೆ ಮೊದಲ ಸಾಲಿನ ಮರ್ಯಾದೆ ಸಿಗುತ್ತಿದೆ. ಅದು ಸಿಗಬೇಕಾದದ್ದೇ. ಆದರೆ ಇನ್ನೂರೈವತ್ತು ಜನರ ಬಯಲಿಗೆ ತಮಟೆಗೆ ಮೈಕೇ ಬೇಡ. ಇವರು ಎರಡು ಮೈಕು ಕೊಟ್ಟರು. ತಮಟೆ ನಿಂತ ಮರುಗಳಿಗೆಗೆ ಒಂಟಿ ದನಿ ಬಂದರೆ ಕೇಳುಗರ ಕಿವಿ ಇನ್ನೂ ಜುಮ್ಮೆನ್ನುತ್ತಿರುತ್ತದೆ, ಮೆಲು ದನಿ ಒಳಗೇ ಇಳಿಯುವುದಿಲ್ಲ, ಆಪರೇಟರ್ ದನಿ ಏರಿಸುತ್ತಾರೆ, ಮೈಕು ಕೂಗುತ್ತದೆ. ಇದು ಸೌಂಡಿನವರ ತಪ್ಪಲ್ಲ, ಪಟ್ಟಿ ಮಾಡಿದವರು ನೋಡಬೇಕಾದದ್ದು. ತಮಟೆಯ ಮೇಲೆ ತತ್ವಪದ, ಅದರ ತಂಬೂರಿ, ದಮ್ಮಡಿಯಲ್ಲಿ ಕಿವಿ ತಣಿದ ಮೇಲೆ ಈ ಹಾಡು ಎಂದು ಇಟ್ಟರೆ ಸರಿಹೋಗುತ್ತದೆ.

ಜಾಗದ ಬಗ್ಗೆ ಸೌಂಡಿನ ಹುಡುಗರಿಗೆ ನಿಜವಾದ ತಿಳಿವಳಿಕೆ ಇದೆ, ಅದನ್ನು ಹೊಗಳಲೇಬೇಕು. ಬಂದವರೇ ಮೊದಲು ನೋಡಿದ್ದು ಗಾಳಿ ಯಾವ ಕಡೆಯಿಂದ ಎಂದು. ಗಾಳಿ ವೇದಿಕೆಯಿಂದ ಜನರ ಕಡೆಗೆ ಬೀಸುವಂತೆ ಟಾಪ್‌ಗಳನ್ನು ತಿರುಗಿಸಿದರು, ಮೈಕುಗಳಿಗೆಲ್ಲ ಸ್ಪಂಜಿನ ಟೋಪಿ ಹಾಕಿದರು. ಅರಳಿಮರದ ಕೆಳಗೆ ಹಾಡುವುದರಲ್ಲಿ ಎರಡು ತೊಡಕು ಮಾತ್ರ ಅವರ ಕೈಯಲ್ಲಿಲ್ಲ. ಅರಳಿ ಎಲೆ ಸಣ್ಣ ಗಾಳಿಗೂ ಪಟಪಟ ಅನ್ನುತ್ತದೆ, ಗೇನ್ (ಮೈಕು ಸದ್ದು ಹಿಡಿಯುವ ಮಟ್ಟ) ಏರಿಸಿದ ಮೈಕು ಅದನ್ನು ಮಳೆಯ ಸದ್ದಿನಂತೆ ಎತ್ತಿಕೊಡುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಗೊರವಂಕಗಳು ಮರಕ್ಕೆ ಬಂದು ಕೂತು, ಪೂರ್ತಿ ಕತ್ತಲಾಗುವವರೆಗೆ ಗಲಾಟೆ ಎಬ್ಬಿಸುತ್ತವೆ. ಆ ಹೊತ್ತನ್ನು ತಮಟೆಗೆ ಬಿಟ್ಟು, ಮೆಲ್ಲನೆಯ ಹಾಡನ್ನು ಹಕ್ಕಿ ನಿದ್ದೆಹೋದ ಮೇಲೆ ಇಟ್ಟುಕೊಳ್ಳಬೇಕು.

ಕತ್ತಲಾದ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ. ಮೋಡವಿಲ್ಲದ ರಾತ್ರಿ ಕೋಲಾರದ ಬಯಲು ಬೇಗ ತಣ್ಣಗಾಗಿ, ನೆಲದ ಹತ್ತಿರ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಆಗ ಮೇಲಕ್ಕೆ ಹೋಗುವ ದನಿ ಬಾಗಿ ನೆಲಕ್ಕೆ ಇಳಿಯುತ್ತದೆ. ಮಧ್ಯಾಹ್ನ ಪಕ್ಕದ ಬೀದಿಗೂ ಕೇಳದ ದನಿ ರಾತ್ರಿ ಪಕ್ಕದ ಹಳ್ಳಿಗೆ ಕೇಳುವುದು ಇದರಿಂದಲೇ. ನಾಲ್ಕು ಗಂಟೆಗೆ ಪರೀಕ್ಷೆ ಮಾಡಿ ಹೊಂದಿಸಿದ ದನಿಯನ್ನು ಎಂಟು ಗಂಟೆಗೆ ಇಳಿಸಬೇಕು. ಈ ಆಪರೇಟರ್ ಇಳಿಸಲಿಲ್ಲ, ಹೇಳಿದ ಮೇಲೆ ಇಳಿಸಿದರು. ಮನೆಯಲ್ಲಿ ಕೂತವರಿಗೆ ಹಾರ್ನ್ ಇಲ್ಲದೆಯೇ ಕೇಳಿಸಿತು. ಕಾಯಿದೆಯ ವಿಷಯವನ್ನೂ ಇಲ್ಲೇ ಹೇಳಿಬಿಡೋಣ: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತಿಲ್ಲ. ಅನುಮತಿ ಪತ್ರ ತರುವುದು ಕಾರ್ಯಕ್ರಮದವರ ಕೆಲಸ, ಈ ಅಂಗಡಿಯವರು ಅದರ ನಕಲು ಕೇಳಿ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ಪದ್ಧತಿ.

ಕರೆಂಟಿನ ವಿಷಯ. ಎರಡನೇ ಚರಣ ಮುಗಿಯುವಾಗ ಕರೆಂಟ್ ಹೋಯಿತು. ಜನರೇಟರ್ ಸಿದ್ಧವಿತ್ತು, ಅರ್ಧ ನಿಮಿಷದಲ್ಲಿ ಹಚ್ಚಿದರು, ಆದರೆ ಆಂಪ್ಲಿಫೈಯರ್ ಆನ್ ಇದ್ದಂತೆಯೇ ಮಿಕ್ಸರಿಗೆ ಕರೆಂಟ್ ಬಂದು ಟಾಪಿನಿಂದ ಢಬ್ ಎಂದು ದೊಡ್ಡ ಹೊಡೆತ ಕೇಳಿತು. ಮುಂದಿನ ಸಾಲಿನ ಮಕ್ಕಳು ಬೆಚ್ಚಿಬಿದ್ದರು. ಹಚ್ಚುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು. ಕರೆಂಟ್ ಹೋದ ಕೂಡಲೇ ಆಂಪ್ಲಿಫೈಯರ್ ಸ್ವಿಚ್ ಕೆಳಗೆ ಮಾಡಲು ಒಬ್ಬ ಹುಡುಗ ರ‍್ಯಾಕಿನ ಬಳಿಯೇ ಇರಬೇಕು. ಮಿಕ್ಸರಿಗೆ ಕಂಪ್ಯೂಟರಿಗೆ ಇಡುವಂಥ ಒಂದು ಸಣ್ಣ ಯುಪಿಎಸ್ ಇಟ್ಟರೆ ಎಫೆಕ್ಟ್ ಕೂಡ ಹೊಂದಿಸಿದಂತೆಯೇ ಉಳಿಯುತ್ತದೆ. ಇಲ್ಲಿ ಆದದ್ದೇನೆಂದರೆ, ಕರೆಂಟ್ ವಾಪಸ್ ಬಂದಾಗ ಮಿಕ್ಸರಿನ ಎಫೆಕ್ಟ್ ಮೊದಲಿನ ಎಕೋಗೇ ಹೋಗಿ ಕೂತಿತ್ತು. ಆಪರೇಟರ್ ಅದನ್ನು ಹಾಡು ಮತ್ತೆ ಶುರುವಾಗುವ ಮುಂಚೆಯೇ ಗಮನಿಸಿ ಬದಲಿಸಿದರು.

ಜನರೇಟರನ್ನು ಮಾತ್ರ ತೀರಾ ಹತ್ತಿರ, ಕಟ್ಟೆಯಿಂದ ಹದಿನೈದು ಮೀಟರಿಗೆ ನಿಲ್ಲಿಸಿದ್ದರು. ಕೇಬಲ್ ಸಾಲದು ಎಂಬ ಕಾರಣ. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೂವತ್ತು ಮೀಟರಿಗೆ, ಯಾವುದಾದರೂ ಮನೆಯ ಗೋಡೆಯ ಮರೆಗೆ, ಗಾಳಿ ಆ ಕಡೆಗೆ ಹೋಗುವ ದಿಕ್ಕಿನಲ್ಲಿ ನಿಲ್ಲಿಸಿದ್ದರೆ ಕೊನೆಯ ಚರಣದ ಅಡಿಯಲ್ಲಿ ಆ ಗುರ್ ಸದ್ದು ಇರುತ್ತಿರಲಿಲ್ಲ. ಸೌಂಡ್ ಮತ್ತು ಒಂದೆರಡು ದೀಪಕ್ಕೆ 5 ಕೆವಿಎ ಜನರೇಟರ್ ಸಾಕು, ಪೆಂಡಾಲಿನ ದೊಡ್ಡ ಜನರೇಟರ್ ಬೇಕಾಗಿಲ್ಲ. ಸೀರಿಯಲ್ ಸೆಟ್ಟಿನ ಮಿನುಗುವ ಕಂಟ್ರೋಲರ್ ಇರುವ ಲೈನಿಗೆ ಮಿಕ್ಸರ್ ಸಿಕ್ಕಿಸಬಾರದು, ದೀಪ ಮಿನುಗಿದಾಗೆಲ್ಲ ಸ್ಪೀಕರಿನಲ್ಲಿ ಚರ್ ಚರ್ ಬರುತ್ತದೆ. ಕರೆಂಟಿನ ವೈರು, ಮೈಕಿನ ವೈರು ಅಕ್ಕಪಕ್ಕ ಓಡಬಾರದು, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ವೈರಿಂಗ್ ವಿಷಯದಲ್ಲಿ ಇವರು ಅಚ್ಚುಕಟ್ಟು. ಜನ ಓಡಾಡುವ ಕಡೆ ವೈರಿನ ಮೇಲೆ ಚಾಪೆ ಹಾಸಿ ಟೇಪ್ ಹಚ್ಚಿದ್ದರು, ಅರ್ಥಿಂಗ್ ಗೂಟ ಹೊಡೆದು ನೀರು ಸುರಿದಿದ್ದರು. ಕಂಬದಿಂದ ಕದ್ದು ಎಳೆಯುವ ಮಾತೇ ಬರಲಿಲ್ಲ.

ಕೊನೆಯ ಚರಣ ಹೇಗೆ ಬಂತು ಅನ್ನುವುದರ ಮೇಲೆ ಈ ಸೇವೆಗೆ ಅಂಕ ಕೊಡಬೇಕು. ಆಪರೇಟರ್ ಫೇಡರ್ ಏರಿಸಲಿಲ್ಲ. ಮೆಲ್ಲಗಾದದ್ದನ್ನು ಮೆಲ್ಲಗೇ ಬಿಟ್ಟರು. ಜನ ತಾವೇ ಮಾತು ನಿಲ್ಲಿಸಿ ಮುಂದಕ್ಕೆ ಬಾಗಿದರು. ದನಿ ಇಳಿದೊಡನೆ ಏರಿಸುವುದು ಈ ಕಸುಬಿನವರ ಬೆರಳಿಗೆ ಅಂಟಿದ ಚಟ. ಅದನ್ನು ಒಂದು ಚರಣದಷ್ಟು ಹೊತ್ತು ತಡೆಹಿಡಿದದ್ದಕ್ಕಾಗಿಯೇ ಐದಕ್ಕೆ ನಾಲ್ಕು ಧಾರಾಳವಾಗಿ ಕೊಡಬಹುದು. ಕಡಿದ ಒಂದು ಅಂಕ ಡಿಐ ಬಾಕ್ಸಿಗೆ, ಜನರೇಟರ್ ಕೇಬಲ್ಲಿಗೆ.

ಕರೆಯುವವರು ಫೋನಿನಲ್ಲೇ ಹೇಳಬೇಕಾದದ್ದು: ಟಾಪ್ ಒಂದು ಜೊತೆ ಸ್ಟ್ಯಾಂಡಿನ ಸಮೇತ, ವೈರ್ ಮೈಕು ಮೂರು ಸ್ಟ್ಯಾಂಡಿನ ಸಮೇತ, ಸ್ಪಂಜಿನ ಟೋಪಿ, ಮಾನಿಟರ್ ಒಂದು, ಡಿಐ ಬಾಕ್ಸ್ ಒಂದು, ಮೂವತ್ತು ಮೀಟರ್ ಜನರೇಟರ್ ಕೇಬಲ್. ಹಾಡುವವರು ಸಂಜೆ ಐದಕ್ಕೇ ಬಂದು, ಒಂದು ಚರಣ ಪೂರ್ತಿ ಹಾಡಿ ನೋಡಬೇಕು. ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಅಂದರೆ ಹಾಡಿನ ದನಿ ಗೊತ್ತಾಗುವುದಿಲ್ಲ. ಬಾಡಿಗೆ ಸೀಸನ್ ನೋಡಿಕೊಂಡು ಏರಿಳಿಯುತ್ತದೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ, ಮದುವೆ ತಿಂಗಳುಗಳಲ್ಲಿ ಇವರು ಕೈಗೆ ಸಿಗುವುದೇ ಕಷ್ಟ, ಸಿಕ್ಕರೂ ಹೊಸ ಹುಡುಗರನ್ನು ಕಳಿಸುತ್ತಾರೆ. ಹೊಸ ಹುಡುಗರು ಸಾಮಾನು ಚೆನ್ನಾಗಿ ಜೋಡಿಸುತ್ತಾರೆ, ಹಾಡು ಕೇಳುವುದು ಇನ್ನೂ ಕಲಿತಿಲ್ಲ. ಅಡ್ವಾನ್ಸ್ ಕೊಡುವಾಗ ಹಿರಿಯ ಆಪರೇಟರೇ ಬರಬೇಕು ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ.